ಸೆಡಾನ್ ಡಿಕ್ಕಿಯಲ್ಲಿ ಸಬ್‌ವೂಫರ್: ಪೆಟ್ಟಿಗೆ ತಿರುಗಿಸಿದ ಮೇಲೆ ಸಿಕ್ಕ ಬೇಸ್

ಸೆಡಾನ್ ಕಾರಿಗೆ ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಸದ್ದಿಗೇ ಇರುವ ಸ್ಪೀಕರ್) ಹಾಕಿಸಿದವರ ದೂರು ಹೆಚ್ಚಾಗಿ ಒಂದೇ. ಡಿಕ್ಕಿ ತೆಗೆದು ಹಿಂದೆ ನಿಂತರೆ ಎದೆ ನಡುಗುತ್ತದೆ. ಒಳಗೆ ಬಂದು ಡ್ರೈವರ್ ಸೀಟಿನಲ್ಲಿ ಕೂತರೆ ಬೇಸ್ ಎಲ್ಲಿ ಹೋಯಿತು ಅಂತ ಹುಡುಕಬೇಕು. ನನ್ನ ಕಾರಿನಲ್ಲೂ ಮೊದಲು ಹೀಗೇ ಇತ್ತು. 10 ಇಂಚಿನ ಸಬ್, ಗಾಳಿಯಾಡದ ಸೀಲ್ಡ್ ಪೆಟ್ಟಿಗೆ, ಮೊನೋ ಆಂಪ್ಲಿಫೈಯರ್ (ಆಂಪ್), ವೈರ್ ಕಿಟ್, ಕೂಲಿ ಎಲ್ಲಾ ಸೇರಿ 24 ಸಾವಿರ ರೂಪಾಯಿ. ಹಾಕಿಸಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಎರಡು ವರ್ಷದ ಮೇಲಾಯಿತು. ವಾಟ್ ಎಷ್ಟು, ಓಮ್ ಎಷ್ಟು ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತದೆ. ಡಬ್ಬದ ಮೇಲೆ ಇಲ್ಲದಿದ್ದದ್ದು ಪೆಟ್ಟಿಗೆಯನ್ನು ಎಲ್ಲಿ, ಯಾವ ಕಡೆ ಮುಖ ಮಾಡಿ ಇಡಬೇಕು ಅನ್ನೋದು.

ಅಂಗಡಿಯ ಹುಡುಗ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಒತ್ತಿ, ಮುಂದಕ್ಕೆ ಮುಖ ಮಾಡಿ ಇಟ್ಟಿದ್ದ. "ಎಲ್ರೂ ಹೀಗೇ ಹಾಕ್ಸೋದು ಸಾರ್" ಅಂದ. ನೋಡಿದರೆ ಸರಿ ಅಂತಲೇ ಅನಿಸುತ್ತದೆ, ಕೇಳುವವರು ಇರುವುದು ಆ ಕಡೆ ತಾನೇ? ಆದರೆ ಬೇಸ್ ಟಾರ್ಚ್ ಬೆಳಕಿನ ಹಾಗೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಎಲ್ಲಾ ಕಡೆಗೂ ಹರಡುತ್ತದೆ. ಅದರಲ್ಲಿ ಒಂದು ಪಾಲು ಹಿಂದಕ್ಕೆ ಹೋಗಿ, ಡಿಕ್ಕಿಯ ಕೊನೆಯ ತಗಡಿಗೆ ಬಡಿದು ವಾಪಸ್ ಬರುತ್ತದೆ. ಸಬ್‌ನಿಂದ ಆ ತಗಡಿಗೆ 1 ಮೀಟರ್ ದೂರ ಇದ್ದರೆ, ಹೋಗಿ ಬರುವುದಕ್ಕೆ 2 ಮೀಟರ್. 86 ಹರ್ಟ್ಜ್ (ಸೆಕೆಂಡಿಗೆ 86 ಕಂಪನ) ಸದ್ದಿನ ಅಲೆಯ ಉದ್ದ ಸುಮಾರು 4 ಮೀಟರ್. ಅಂದರೆ ವಾಪಸ್ ಬಂದ ಅಲೆ ಸರಿಯಾಗಿ ಅರ್ಧ ಅಲೆ ಹಿಂದೆ ಬಿದ್ದಿರುತ್ತದೆ. ನೇರವಾಗಿ ಮುಂದಕ್ಕೆ ಹೋಗುವ ಅಲೆ ತಳ್ಳುವಾಗ ಇದು ಎಳೆಯುತ್ತದೆ. ಎರಡೂ ಸೇರಿ ಆ ಸದ್ದನ್ನೇ ನುಂಗಿಬಿಡುತ್ತವೆ. ಡ್ರಮ್ಮಿನ ಏಟಿಗೆ ಗಟ್ಟಿತನ ಕೊಡುವ ಜಾಗವೇ ಅದು. ಅಲ್ಲಿ ಗುಂಡಿ ಬಿದ್ದರೆ ಆಂಪ್‌ನ ಗೇನ್ (ಸದ್ದು ಏರಿಸುವ ತಿರುಪು) ಎಷ್ಟು ತಿರುಗಿಸಿದರೂ ತುಂಬುವುದಿಲ್ಲ. ಉಳಿದ ಸದ್ದು ಜಾಸ್ತಿಯಾಗಿ ತಲೆನೋವು ಬರುತ್ತದೆ, ಅಷ್ಟೇ.

ಪೆಟ್ಟಿಗೆಯನ್ನು ಹಿಂದಕ್ಕೆ ಎಳೆದು, ಕೋನ್ (ಸದ್ದು ಹೊರಡಿಸುವ ಸಬ್‌ನ ಮುಖ) ಡಿಕ್ಕಿಯ ಬಾಯಿಯ ಕಡೆ ನೋಡುವಂತೆ ತಿರುಗಿಸಿದೆ. ತಗಡಿಗೂ ಕೋನ್‌ಗೂ ಒಂದು ಗೇಣು, ಸುಮಾರು 20 ಸೆಂಟಿಮೀಟರ್ ಜಾಗ. ಈಗ ಹೋಗಿ ಬರುವ ದೂರ ಎಷ್ಟು ಕಮ್ಮಿ ಅಂದರೆ ಅಲೆಗಳು ಒಂದನ್ನೊಂದು ಹೊಡೆದುಹಾಕುವ ಜಾಗ 400 ಹರ್ಟ್ಜ್ ದಾಟಿ ಹೋಯಿತು. ಸಬ್‌ಗೆ ಅಲ್ಲಿ ಕೆಲಸವೇ ಇಲ್ಲ. ಖರ್ಚು ಸೊನ್ನೆ ರೂಪಾಯಿ. ಆ ಸಂಜೆ ಒಂದು ಡೊಳ್ಳಿನ ರೆಕಾರ್ಡಿಂಗ್ ಹಾಕಿ ಕೂತೆ. ಮೊದಲು ಬರೀ ಕೋಲಿನ ಏಟು ಕೇಳುತ್ತಿತ್ತು. ಈಗ ಏಟಿನ ಹಿಂದೆಯೇ ಡೊಳ್ಳಿನ ಹೊಟ್ಟೆಯಿಂದ ಬರುವ 'ಧೂಂ' ಬಂದು ತೊಡೆಗೆ ತಾಗಿತು. 24 ಸಾವಿರ ಕೊಟ್ಟಿದ್ದು ಇದಕ್ಕೇ ಅಲ್ವಾ ಅನಿಸಿತು.

ಕಿವಿಯನ್ನೇ ನಂಬಬೇಕಾಗಿಲ್ಲ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ಹೆಡ್‌ರೆಸ್ಟ್ ಪಕ್ಕ ಇಡಿ. ಗಾಜು ಏರಿಸಿ, ಎಸಿ ನಿಲ್ಲಿಸಿ, 30 ಹರ್ಟ್ಜ್‌ನಿಂದ 100ರವರೆಗೆ ಹತ್ತತ್ತು ಹರ್ಟ್ಜ್ ಏರಿಸುತ್ತಾ ಒಂದೊಂದೇ ಟೋನ್ ನುಡಿಸಿ ಬರೆದುಕೊಳ್ಳಿ. ಆಮೇಲೆ ಪೆಟ್ಟಿಗೆ ತಿರುಗಿಸಿ ಇನ್ನೊಂದು ಸಲ. ಫೋನಿನ ಮೈಕ್ ಕೆಳಗಿನ ಸದ್ದನ್ನು ಕಮ್ಮಿ ತೋರಿಸುತ್ತದೆ, ನಿಜ. ಆದರೆ ಎರಡು ಸಲವೂ ಅಷ್ಟೇ ಕಮ್ಮಿ ತೋರಿಸುವುದರಿಂದ ಹೋಲಿಸಿ ನೋಡಲು ತೊಂದರೆಯಿಲ್ಲ. ಸಬ್‌ನ ಅಲೆಯನ್ನು ತಿರುವುಮುರುವು ಮಾಡುವ ಆಂಪ್‌ನ ಫೇಸ್ ಸ್ವಿಚ್ಚನ್ನೂ ಆಗಲೇ ನೋಡಿಬಿಡಿ. 0, 180 ಡಿಗ್ರಿ ಎರಡರಲ್ಲಿ ಯಾವುದರಲ್ಲಿ 80 ಹರ್ಟ್ಜ್ ಹತ್ತಿರ ಸದ್ದು ಜಾಸ್ತಿಯೋ ಅದೇ ಇರಲಿ. ನನ್ನ ಕಾರಿನಲ್ಲಿ 180.

ನನ್ನ ಕಾರಿನ ಹಿಂದಿನ ಸೀಟು ಮಡಚುವುದಿಲ್ಲ. ಹಾಗಾಗಿ ಬೇಸ್ ಒಳಗೆ ಬರುವುದಕ್ಕೆ ಪಾರ್ಸಲ್ ಟ್ರೇ (ಹಿಂದಿನ ಸೀಟಿನ ಹಿಂದೆ, ಗಾಜಿನ ಕೆಳಗಿರುವ ಹಲಗೆ) ಒಂದೇ ದಾರಿ. ಅಲ್ಲಿದ್ದ ಹಳೇ ಸ್ಪೀಕರ್ ಎರಡನ್ನೂ ತೆಗೆಸಿ, ಮೇಲಿನ ಜಾಲರಿ ಮಾತ್ರ ಬಿಟ್ಟೆ. ಇದರಿಂದಲೂ ಚೆನ್ನಾಗೇ ಗೊತ್ತಾಗುವಷ್ಟು ವ್ಯತ್ಯಾಸ ಆಯಿತು. ಹಿಂದೆ ಕೂರುವ ಅಮ್ಮನಿಗೆ ಮಾತ್ರ ಇಷ್ಟವಾಗಿಲ್ಲ. "ಬೆನ್ನಿಗೆ ಗುದ್ದಿದ ಹಾಗಾಗುತ್ತೆ ಕಣೋ, ಸ್ವಲ್ಪ ಕಮ್ಮಿ ಮಾಡು" ಅನ್ನುತ್ತಾರೆ. ಅದಕ್ಕೇ ಬೇಸ್ ನಾಬನ್ನು ಸ್ಟೀರಿಂಗ್ ಕೆಳಗೆ ಕೈಗೆ ಸಿಗುವಂತೆ ಹಾಕಿಸಿದ್ದೇನೆ. ಬೆಳಿಗ್ಗೆ ಬೇಸ್‌ಮೆಂಟಿನಿಂದ ಹೊರಡುವಾಗ ಪೂರ್ತಿ ಸೊನ್ನೆ, ವಾಚ್‌ಮ್ಯಾನ್ ಮಲಗಿರುತ್ತಾರೆ. ತುಮಕೂರು ರಸ್ತೆಗೆ ಬಂದು ನಾಲ್ಕನೇ ಗೇರ್ ಬಿದ್ದ ಮೇಲೆ ಕಾಲು ಭಾಗ. ಟೈರಿನ ಸದ್ದು ಏರಿದ ಹಾಗೆ ಇನ್ನೊಂದು ಚೂರು. ನೋಡದೆಯೇ ಬೆರಳು ಅಲ್ಲಿಗೆ ಹೋಗುತ್ತದೆ.

ಇಷ್ಟರ ಮೇಲೆ ಕಿರಿಕಿರಿ ಶುರುವಾಯಿತು. ಬೇಸ್ ಜಾಸ್ತಿಯಾದ ಕೂಡಲೇ ಡಿಕ್ಕಿಯಲ್ಲಿ ಸಡಿಲ ಇದ್ದದ್ದೆಲ್ಲಾ ಹಾಡಲು ಶುರುಮಾಡಿದವು. ಎಲ್ಲಕ್ಕಿಂತ ಕೆಟ್ಟದ್ದು ನಂಬರ್ ಪ್ಲೇಟ್. 50 ಹರ್ಟ್ಜ್ ಬಂದರೆ ಸಾಕು, ಜೀರುಂಡೆ ಸದ್ದು. ಎಚ್‌ಎಸ್‌ಆರ್‌ಪಿ ಪ್ಲೇಟ್ ಆದ್ದರಿಂದ ಲಾಕ್ ಬಿಚ್ಚುವ ಹಾಗಿಲ್ಲ. ಬಾಗಿಲ ಸಂದಿಗೆ ಅಂಟಿಸುವ ಫೋಮ್ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ, ಹಳೇ ಎಟಿಎಂ ಕಾರ್ಡಿನಿಂದ ಪ್ಲೇಟಿನ ಹಿಂದಕ್ಕೆ ತಳ್ಳಿದೆ. ಜೀರುಂಡೆ ನಿಂತಿತು. ಡಿಕ್ಕಿ ಮುಚ್ಚಳದ ಒಳಗೆ ತಗಡಿನ ನಡುಕ ತಡೆಯುವ 2 ಎಂ.ಎಂ. ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಹಚ್ಚಿಸಿದೆ. ಈ ಖರ್ಚನ್ನು ಮೊದಲೇ ಬಜೆಟ್‌ನಲ್ಲಿ ಇಟ್ಟುಕೊಳ್ಳಿ. ದೊಡ್ಡ ಆಂಪ್ ಬೇಡ, ಶೀಟ್ ತಗೊಳ್ಳಿ.

ಸಿಟ್ಟು ಬಂದದ್ದು ವೈರಿನ ವಿಷಯಕ್ಕೆ. ರಾತ್ರಿ ಹೆಡ್‌ಲೈಟ್ ಡೊಳ್ಳಿನ ಏಟಿಗೆ ಸರಿಯಾಗಿ ಮಂಕಾಗುತ್ತಿತ್ತು. ಆಂಪ್ ಹತ್ತಿರ ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಕೆಂಪು ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. ತಾಮ್ರ ಅಂತ ಹೇಳಿ ಕೊಟ್ಟದ್ದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದೇ ದಪ್ಪದಲ್ಲಿ ಇದು ತಾಮ್ರದಷ್ಟು ಕರೆಂಟ್ ಒಯ್ಯುವುದಿಲ್ಲ. ಫ್ಯೂಸ್ ಕೂಡ ಹಿಂದೆ ಆಂಪ್ ಪಕ್ಕದಲ್ಲಿತ್ತು. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕಾದ್ದು ಅದು. ಮಧ್ಯದಲ್ಲಿ ಎಲ್ಲೋ ವೈರ್ ಉಜ್ಜಿ ಬಾಡಿಗೆ ತಾಗಿದರೆ ಹಿಂದಿನ ಫ್ಯೂಸ್ ಹಾರುವುದೇ ಇಲ್ಲ, ವೈರ್ ಹತ್ತಿಕೊಳ್ಳುತ್ತದೆ. ಇದು ಸಣ್ಣ ವಿಷಯ ಅಲ್ಲ. ಬೇರೆ ಕಡೆ ನಿಜವಾದ ತಾಮ್ರದ ವೈರ್ ಹಾಕಿಸಿ, ಫ್ಯೂಸ್ ಮುಂದಕ್ಕೆ ತರಿಸಿದೆ. ದುಡ್ಡು ಕೊಡುವ ಮೊದಲು ಬಾನೆಟ್ ತೆಗೆಸಿ ಫ್ಯೂಸ್ ತೋರಿಸಿ ಅಂತ ಕೇಳಿ.

ಸಬ್ ಬಗ್ಗೆ ನನಗೆ ದೂರಿಲ್ಲ. ಎರಡು ಮಳೆಗಾಲ, ಎರಡು ಬೇಸಿಗೆ ಡಿಕ್ಕಿಯೊಳಗೇ ಕಳೆದರೂ ಕೋನ್‌ನ ರಬ್ಬರ್ ಅಂಚು ಹೊಸದರ ಹಾಗೇ ಇದೆ. ನನ್ನ ಹಾಗೆ ದಿನಾ ಹೈವೇಯಲ್ಲಿ ಓಡಾಡುವವರಿಗೆ ಇಷ್ಟು ಬೇಸ್ ಧಾರಾಳ. ಮದುವೆ ಮೆರವಣಿಗೆಗೆ ಕೇಳುವಷ್ಟು ಬೇಕು ಅನ್ನುವವರು ಬೇರೆ ನೋಡಿಕೊಳ್ಳಲಿ.

ಡಿಕ್ಕಿ ಜಾಗ ಹೋಗುತ್ತದೆ, ಸ್ಟೆಪ್ನಿಯೂ ಪೆಟ್ಟಿಗೆಯ ಕೆಳಗೇ ಉಳಿಯುತ್ತದೆ. ಅದಕ್ಕೆ ಪೆಟ್ಟಿಗೆಯನ್ನು ಬೆಲ್ಟ್ ಹಾಕಿ ಬಿಗಿದು, ಸ್ಪೀಕರ್ ವೈರಿಗೆ ಪ್ಲಗ್ ಹಾಕಿಸಿದ್ದೇನೆ. ಬೆಲ್ಟ್ ಬೇಕೇ ಬೇಕು, ಜೋರಾಗಿ ಬ್ರೇಕ್ ಹಾಕಿದರೆ ಅಷ್ಟು ಭಾರ ಸೀಟಿನ ಮೇಲೇ ಬರುತ್ತದೆ. ಹಬ್ಬಕ್ಕೆ ಊರಿಗೆ ಹೊರಟಾಗ ಪೆಟ್ಟಿಗೆ ಮನೆಯಲ್ಲಿ, ಬರುವಾಗ ಆ ಜಾಗದಲ್ಲಿ ತೆಂಗಿನಕಾಯಿ ಮೂಟೆ. ಆಗ ಸ್ಟೀರಿಯೋದಲ್ಲಿ 80 ಹರ್ಟ್ಜ್‌ಗೆ ಇಟ್ಟಿರುವ ಹೈ ಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತಡೆಯುವ ಫಿಲ್ಟರ್) ಆಫ್ ಮಾಡಬೇಕು. ಇಲ್ಲದಿದ್ದರೆ ಬಾಗಿಲ ಸ್ಪೀಕರ್‌ಗಳಿಗೆ ಬೇಸ್ ಹೋಗುವುದೇ ಇಲ್ಲ, ದಾರಿಯುದ್ದಕ್ಕೂ ಹಾಡು ತೆಳ್ಳಗೆ ಕೇಳುತ್ತದೆ.