ಸ್ಮಶಾನಕ್ಕೆ ಐದು ಸ್ಟಾರ್, ಫ್ಯೂನರಲ್ ಹೋಮ್‌ಗೆ ಎರಡು

ಇಂಥದ್ದಕ್ಕೂ ರಿವ್ಯೂ ಬರೀತಾರಾ ಅಂತ ಕೇಳಬೇಡಿ. ಮಾವ ತೀರಿಕೊಂಡ ರಾತ್ರಿ ಅಮೆರಿಕದ ಮಾಜಿ ಸೈನಿಕರ ಅಂತ್ಯಕ್ರಿಯೆ ಹೇಗೆ ಅಂತ ನಾನೂ ಹುಡುಕಿದ್ದೆ, ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ನನ್ನ ಹಾಗೆ ಅಮೆರಿಕದವರ ಮನೆಗೆ ಸೊಸೆಯಾಗಿ ಬಂದವರು, ಮಗ ಇಲ್ಲಿನ ಸೇನೆ ಸೇರಿದವರು ಈಗ ಎಷ್ಟೋ ಜನ ಇದ್ದೀರಿ, ಯಾರಿಗಾದರೂ ಬೇಕಾಗುತ್ತೆ.

ಮಾವ ಟೆಕ್ಸಾಸ್‌ನವರು. 1968ರಲ್ಲಿ ಸೇನೆಗೆ ಕರೆ ಬಂದು ವಿಯೆಟ್ನಾಂಗೆ ಹೋಗಿ, ಲಾರಿ ರಿಪೇರಿ ಮಾಡಿಕೊಂಡಿದ್ದು 1970ಕ್ಕೆ ವಾಪಸ್ ಬಂದವರು. ಪದಕ ಗಿದಕ ಏನೂ ಇಲ್ಲ. ಹಾಗಾಗಿ ಮಿಲಿಟರಿ ಗೌರವ ಎಲ್ಲ ದೊಡ್ಡ ಆಫೀಸರ್‌ಗಳಿಗೆ ಅಂತ ನಾನು ಅಂದುಕೊಂಡಿದ್ದೆ. ತಪ್ಪು. 2000ದ ಜನವರಿ 1ರಿಂದ ಇಲ್ಲಿ ಕಾನೂನೇ ಇದೆ. ಅರ್ಹರಾದ ಯಾವ ಮಾಜಿ ಸೈನಿಕರಿಗೇ ಆಗಲಿ, ಮನೆಯವರು ಕೇಳಿದರೆ ಕನಿಷ್ಠ ಇಬ್ಬರು ಯೂನಿಫಾರ್ಮ್‌ನಲ್ಲಿ ಬರಬೇಕು, ಅದರಲ್ಲಿ ಒಬ್ಬರಾದರೂ ತೀರಿಕೊಂಡವರು ಇದ್ದ ಪಡೆಯವರೇ ಆಗಿರಬೇಕು, ಬಾವುಟ ಮಡಚಿ ಕೊಡಬೇಕು, ಟ್ಯಾಪ್ಸ್ ಅನ್ನೋ ಕಹಳೆಯ ವಿದಾಯದ ರಾಗ ನುಡಿಸಬೇಕು. ಕೇಳಿದರೆ ಮಾತ್ರ. ಸುಮ್ನೆ ಕೂತರೆ ಯಾರೂ ಬರಲ್ಲ.

ಕೇಳೋದಕ್ಕೆ ಡಿಡಿ 214 ಅನ್ನೋ ಕಾಗದ ಬೇಕು, ಸೇನೆಯಿಂದ ಬಿಡುಗಡೆಯಾದಾಗ ಕೊಡುವಂಥದ್ದು. ನಮ್ಮ ಮನೆಯಲ್ಲಿ ಅದು ಎಲ್ಲಿದೆ ಅಂತ ಅತ್ತೆಗೂ ಗೊತ್ತಿಲ್ಲ. ಬೀರು, ಹಾಸಿಗೆ ಕೆಳಗೆ, ಬ್ಯಾಂಕ್ ಫೈಲು ಎಲ್ಲ ಜಾಲಾಡಿದ ಮೇಲೆ ಗ್ಯಾರೇಜಿನ ಟೂಲ್ ಬಾಕ್ಸ್‌ನ ತಳದಲ್ಲಿ, ಸ್ಪ್ಯಾನರ್‌ಗಳ ಅಡಿಯಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಸಿಕ್ಕಿತು, ಮೂಲೆಗೆ ಗ್ರೀಸ್ ಅಂಟಿತ್ತು. ಸಿಗದಿದ್ದರೆ ಸೇಂಟ್ ಲೂಯಿಸ್‌ನಲ್ಲಿರುವ ದಾಖಲೆ ಕೇಂದ್ರಕ್ಕೆ ಬರೆಯಬೇಕು. ಅಲ್ಲಿ 1973ರಲ್ಲಿ ಬೆಂಕಿ ಬಿದ್ದು 1.6 ಕೋಟಿಗೂ ಜಾಸ್ತಿ ಫೈಲುಗಳು ಸುಟ್ಟುಹೋಗಿವೆ, ಹೆಚ್ಚಿನವು 1960ಕ್ಕೆ ಮುಂಚೆ ಸೇನೆ ಬಿಟ್ಟವರದ್ದು. ಆದ್ದರಿಂದ ಮನೆಯಲ್ಲಿ ಹಿರಿಯರಿದ್ದರೆ ಈಗಲೇ ಕೇಳಿಟ್ಟುಕೊಳ್ಳಿ, ಸಂಕೋಚ ಬೇಡ.

ಈಗ ಆ ಎರಡು ಸ್ಟಾರ್ ಕಥೆ. ಫ್ಯೂನರಲ್ ಹೋಮ್ ಅಂದರೆ ದುಡ್ಡು ತಗೊಂಡು ಅಂತ್ಯಕ್ರಿಯೆಯ ಏರ್ಪಾಡು ಮಾಡುವವರು, ಹೆಸರು ಹೇಳಲ್ಲ. 'ಎಲ್ಲಾ ನಾವೇ ನೋಡ್ಕೋತೀವಿ' ಅಂದರು, ಕಾಗದ ತಗೊಂಡರು. ಎರಡು ದಿನ ಮುಂಚೆ, ಯಾಕೋ ಸಮಾಧಾನ ಆಗದೆ ನನ್ನ ಗಂಡ ಸ್ಮಶಾನದ ಆಫೀಸಿಗೆ ಫೋನ್ ಮಾಡಿದರೆ, ಟೈಮ್ ಬುಕ್ ಆಗಿದೆ, ಸೈನಿಕರನ್ನು ಕಳಿಸಿ ಅನ್ನೋ ಕೋರಿಕೆ ಮಾತ್ರ ಸೇನೆಗೆ ಹೋಗಿಯೇ ಇಲ್ಲ! ಜೊತೆಗೆ ಬಿಲ್ಲಿನಲ್ಲಿ 'ಸೇನಾ ಗೌರವದ ವ್ಯವಸ್ಥೆ' ಅಂತ 295 ಡಾಲರ್. ಸೇನೆ ಇದಕ್ಕೆ ಒಂದು ಪೈಸೆ ತಗೊಳ್ಳಲ್ಲ. ಯಾವುದಕ್ಕಪ್ಪಾ ಇದು ಅಂತ ಕೇಳಿದೆ. ತುಟಿ ಬಿಚ್ಚದೆ ಆ ಸಾಲಿಗೆ ಗೀಟು ಎಳೆದರು. ಕಳಿಸಬೇಕಾದ ಕಾಗದವನ್ನು ಅವತ್ತೇ ಸಂಜೆ ಕಳಿಸಿದರು, ಅದಕ್ಕೇ ಎರಡು ಸ್ಟಾರ್.

ಸ್ಮಶಾನ ಸ್ಯಾನ್ ಆಂಟೋನಿಯೋದ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ರಾಷ್ಟ್ರೀಯ ಸ್ಮಶಾನ. ಜಾಗ, ಗುಂಡಿ ತೆಗೆಯೋದು, ಕಲ್ಲು ಎಲ್ಲ ಉಚಿತ. ಪೆಟ್ಟಿಗೆ, ಫ್ಯೂನರಲ್ ಹೋಮ್ ಖರ್ಚು ನಮ್ಮದು. ಕಾರ್ಯಕ್ರಮ ಗುಂಡಿಯ ಹತ್ತಿರ ನಡೆಯಲ್ಲ, ಒಂದು ಚಪ್ಪರದಂಥ ಕಟ್ಟಡದ ಕೆಳಗೆ 20 ನಿಮಿಷ, ಅಷ್ಟೇ. ನಮ್ಮ ಹಿಂದೆ ಇನ್ನೊಂದು ಮನೆಯವರ ಕಾರುಗಳು ಸಾಲಾಗಿ ನಿಂತಿದ್ದವು.

ಗೌರವಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿದವರು ಸ್ವಯಂಸೇವಕರು, ಅವರೂ ಮಾಜಿ ಸೈನಿಕರೇ, ಹೆಚ್ಚಿನವರು ಮಾವನ ವಯಸ್ಸಿನವರು. ಒಬ್ಬರು ರೈಫಲ್ ಎತ್ತೋಕೆ ಮುಂಚೆ ಕಿವಿಯ ಮೆಷಿನ್ ತೆಗೆದು ಜೇಬಿಗೆ ಹಾಕಿಕೊಂಡರು. ಮೂರು ಸುತ್ತು. ಊರಲ್ಲಿ ಟಿವಿಯಲ್ಲಿ ಮಂತ್ರಿಗಳಿಗೆ, ಸಾಹಿತಿಗಳಿಗೆ ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸೋದನ್ನು ನೋಡಿದ್ದೆ, ಸಕಲ ಸರ್ಕಾರಿ ಗೌರವ ಅಂತಾರಲ್ಲ. ಇಲ್ಲಿ ಅದು ಒಬ್ಬ ಲಾರಿ ಮೆಕ್ಯಾನಿಕ್‌ಗೆ.

ಆಮೇಲೆ ಟ್ಯಾಪ್ಸ್. 24 ಸ್ವರ, 1862ರದ್ದು, ಅಮೆರಿಕದ ಅಂತರ್ಯುದ್ಧದ ಕಾಲದ್ದು. ಊದುವ ಹುಡುಗನನ್ನೇ ನೋಡುತ್ತಿದ್ದೆ, ಕೆನ್ನೆ ಉಬ್ಬಲೇ ಇಲ್ಲ! ಊದಲು ಬರುವವರು ಕಡಿಮೆ ಅಂತ ಕಹಳೆಯೊಳಗೆ ಸಣ್ಣ ಮೆಷಿನ್ ಇಟ್ಟಿರುತ್ತಾರಂತೆ, ಬಟನ್ ಒತ್ತಿ ತುಟಿಗಿಟ್ಟುಕೊಳ್ಳೋದು. ಗೊತ್ತಾದಾಗ ಸ್ವಲ್ಪ ಪಿಚ್ಚೆನಿಸಿತು, ನಿಜ. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು, ನಾನು ಬಾಯಿ ಬಿಡಲಿಲ್ಲ. ನಿಜವಾಗಿ ಊದುವವರೇ ಬೇಕಿದ್ದರೆ ಮುಂಚೆಯೇ ಕೇಳಿ ನೋಡಿ.

ಬಾವುಟ ಮಡಚೋದನ್ನು ಮಾತ್ರ ನಾನು ಮರೆಯಲ್ಲ. ಇಬ್ಬರು ಸೈನಿಕರು, ಒಬ್ಬ ಹುಡುಗ ಒಬ್ಬಳು ಹುಡುಗಿ, ವಯಸ್ಸು 20 ದಾಟಿರಬೇಕು ಅಷ್ಟೇ. 13 ಮಡಿಕೆ. ಪ್ರತಿ ಮಡಿಕೆಗೂ ಬಿಳಿ ಗ್ಲೌಸಿನ ಕೈಯನ್ನು ಅಂಚಿನುದ್ದಕ್ಕೂ ಎಳೆಯುತ್ತಿದ್ದರು, ರೇಷ್ಮೆ ಸೀರೆಯ ನೆರಿಗೆ ಒತ್ತುವ ಹಾಗೆ. ಕೊನೆಗೆ ಕೆಂಪು ಪಟ್ಟೆ ಒಂದೂ ಕಾಣದೆ ನೀಲಿ ಬಟ್ಟೆ, ನಕ್ಷತ್ರಗಳಷ್ಟೇ ಉಳಿದವು. ಹುಡುಗಿ ಅತ್ತೆಯ ಮುಂದೆ ಒಂದು ಮಂಡಿಯೂರಿ, ಅಧ್ಯಕ್ಷರ, ಸೇನೆಯ, ಕೃತಜ್ಞ ದೇಶದ ಪರವಾಗಿ ಅಂತ ಶುರು ಮಾಡಿದಳು. ಬಾಯಿಪಾಠದ ಮಾತೇ, ಆದರೆ ಅತ್ತೆಯ ಕಣ್ಣು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಆ ಬಾವುಟ ಒಂದೇ ಸಲ ಕೊಡೋದು, ಕಳೆದರೆ ಸರ್ಕಾರ ಇನ್ನೊಂದು ಕೊಡಲ್ಲ. ಹೊರಗೆ ಹಾರಿಸಬೇಡಿ, ಆ ಬಟ್ಟೆ ಮಳೆ ಬಿಸಿಲಿಗೆ ತಡೆಯಲ್ಲ. ಬಾವುಟಕ್ಕೆ ಹಾಕುವ ಅರ್ಜಿಯ ನಂಬರ್ 27-2008, ಫ್ಯೂನರಲ್ ಹೋಮ್‌ನವರೇ ತುಂಬಿಸುತ್ತಾರೆ, ನೀವೂ ಒಂದು ಸಲ ಓದಿ. ಕಲ್ಲಿನ ಮೇಲೆ ಕೆತ್ತಲು ಧರ್ಮದ ಚಿಹ್ನೆಗಳ ಪಟ್ಟಿಯೇ ಇದೆ, ಅದರಲ್ಲಿ ಓಂ ಕೂಡ ಇತ್ತು. ಮಾವನಿಗೆ ಶಿಲುಬೆ ಹಾಕಿಸಿದೆವು.

ಹೆಂಡತಿಗೂ ಅದೇ ಗುಂಡಿಯಲ್ಲಿ ಜಾಗ ಉಂಟು, ಹೆಸರು ಕಲ್ಲಿನ ಹಿಂಬದಿಗೆ ಬರುತ್ತದೆ ಅಂತ ಆಫೀಸಿನಾಕೆ ಹೇಳಿದ್ದರು. ಕಲ್ಲು ನಿಲ್ಲಿಸಿದ ಮೇಲೆ ನೋಡಲು ಹೋದಾಗ ಅತ್ತೆ ಮುಂದಿನಿಂದ ಒಂದು ನಿಮಿಷ ನೋಡಿ, ಸುತ್ತು ಹಾಕಿ ಹಿಂದೆ ಹೋಗಿ ನಿಂತರು. ಬರೀ ಬಿಳಿ ಕಲ್ಲು. ಅದರ ಮೇಲೆ ಕೈಯಾಡಿಸಿ, 'ಈ ಕಡೆ ಮಧ್ಯಾಹ್ನ ನೆರಳಿರುತ್ತೆ, ಸದ್ಯ' ಅಂದರು.