ಮಧುಗಿರಿ ಬೆಟ್ಟ ಹತ್ತುವ ಮುಂಚೆ ಆಕಾಶ ನೋಡಿ

ಮಧುಗಿರಿ ಕೋಟೆಗೆ ಹೋಗುವ ಯೋಚನೆ ಇದ್ದರೆ ಇದನ್ನೊಂದು ಸಲ ಓದಿ. ಹೋಗಬೇಡಿ ಅಂತ ಹೇಳುತ್ತಿಲ್ಲ. ನಾವು ಹೋದ ಹಾಗೆ ಹೋಗಬೇಡಿ, ಅಷ್ಟೇ.

ಅಕ್ಟೋಬರ್‌ನ ಒಂದು ಭಾನುವಾರ. ನಾನು, ನನ್ನ ಭಾವಮೈದ, ಇಬ್ಬರೇ. ಬೆಂಗಳೂರಿನಿಂದ ನೂರು ಚಿಲ್ಲರೆ ಕಿಲೋಮೀಟರ್ ತಾನೇ ಅಂತ ಬಸ್ಸಿನಲ್ಲಿ ಆರಾಮಾಗಿ ಹೊರಟೆವು. ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದದ್ದರಲ್ಲೇ ಒಂದು ಗಂಟೆ ಹೋಯಿತು. ಬೆಟ್ಟದ ಬುಡ ಮುಟ್ಟುವಾಗ ಹನ್ನೆರಡು ದಾಟಿತ್ತು. ಇಬ್ಬರಿಗೂ ಸೇರಿ ಇದ್ದದ್ದು ಒಂದು ಲೀಟರ್ ನೀರು. ಭಾವಮೈದನ ಶೂಗಳ ಅಡಿ ಸವೆದು ನುಣ್ಣಗಾಗಿತ್ತು.

ಮೊದಮೊದಲು ಮೆಟ್ಟಿಲು, ಕೋಟೆ ಬಾಗಿಲು, ಬುರುಜು. ಖುಷಿಯಾಗಿಯೇ ಹತ್ತಿದೆವು. ಪಾಳೇಗಾರರು ಕಟ್ಟಿಸಿ, ಆಮೇಲೆ ಹೈದರಾಲಿ ಬಲಪಡಿಸಿದ ಕೋಟೆ ಇದು. ಮೇಲೆ ಹೋದಂತೆ ಅವರು ಈ ಜಾಗವನ್ನೇ ಯಾಕೆ ಆರಿಸಿದರು ಅಂತ ಗೊತ್ತಾಗುತ್ತದೆ. ಇಡೀ ಬೆಟ್ಟ ಒಂದೇ ಕಲ್ಲು. ಮೆಟ್ಟಿಲು ಮುಗಿದ ಮೇಲೆ ಬರೀ ಬೋಳು ಬಂಡೆ. ಕಾಲಿಡಲು ಕೊರೆದ ಗುಳಿಗಳು, ಅಲ್ಲಲ್ಲಿ ಕಬ್ಬಿಣದ ಕಂಬಿ. ಶತ್ರು ಹತ್ತಬಾರದು ಅಂತಲೇ ಮಾಡಿದ ದಾರಿ ನಮಗೆ ಮಾತ್ರ ಯಾಕೆ ಸುಲಭವಾಗಬೇಕು, ಅಲ್ವಾ?

ಅರ್ಧ ದಾರಿಯಲ್ಲಿ ಎದುರಿಗೆ ಸಿಕ್ಕ ಹುಡುಗರು, "ಅಣ್ಣ, ಆ ಕಡೆ ಮೋಡ ಕಟ್ಟಿದೆ, ಇಳಿದುಬಿಡಿ" ಅಂದರು. ನಾವು ಕೇಳಲಿಲ್ಲ. ಇಷ್ಟು ದೂರ ಬಂದಿದ್ದೀವಲ್ಲ ಅನ್ನುವ ಹಟ. ತುದಿಯ ಪಾಳು ಗುಡಿಯ ಹತ್ತಿರ ಹೋದಾಗ ಎರಡೂವರೆ. ನೀರು ಖಾಲಿ. ಫೋಟೋ ತೆಗೆಯುತ್ತಾ ಇನ್ನೂ ಅರ್ಧ ಗಂಟೆ ಕಳೆದೆವು. ಆಗ ಗುಡುಗಿತು.

ಇಳಿಜಾರು ಬಂಡೆಯ ನಡುವೆ ಇರುವಾಗಲೇ ಮಳೆ ಹಿಡಿಯಿತು. ಒಣಗಿದ್ದಾಗ ಒರಟಾಗಿ ಕಾಲು ಹಿಡಿಯುವ ಕಲ್ಲು ನೆನೆದರೆ ಬೇರೆಯೇ ಆಗುತ್ತದೆ. ಪಾಚಿ ಕಟ್ಟಿದ ಕಡೆಯಂತೂ ಸೋಪು ಹಚ್ಚಿದ ಹಾಗೆ. ನೀರು ಹರಿದದ್ದು ಕೊರೆದ ಗುಳಿಗಳಲ್ಲೇ, ಹಾಗಾಗಿ ಕಾಲು ಎಲ್ಲಿಡಬೇಕು ಅಂತ ಕಾಣುತ್ತಲೇ ಇರಲಿಲ್ಲ. ಮೇಲೆ ಮಿಂಚು.

"ಭಾವ, ಕಂಬಿ ಮುಟ್ಟಬೇಡಿ!"

"ಮುಟ್ಟದೆ ಹೇಗೋ ಇಳಿಯೋದು?"

ಅವನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಬೋಳು ಬಂಡೆಯ ಮೇಲೆ ಎತ್ತರಕ್ಕೆ ಇದ್ದದ್ದು ನಾವಿಬ್ಬರೇ. ಕಂಬಿ ಬಿಟ್ಟರೆ ಜಾರುತ್ತೇವೆ, ಹಿಡಿದರೆ ಸಿಡಿಲಿನ ಭಯ. ಒಂದು ಸಣ್ಣ ತಗ್ಗಿನಲ್ಲಿ ಕಂಬಿಯಿಂದ ದೂರ ಕುಕ್ಕರಗಾಲಲ್ಲಿ ಕೂತೆವು. ಎಷ್ಟು ಹೊತ್ತು ಅಂತ ನೋಡಲು ಫೋನ್ ತೆಗೆಯುವ ಧೈರ್ಯವೂ ಬರಲಿಲ್ಲ. ಗುಡುಗು ದೂರವಾದ ಮೇಲೆ ಕೂತುಕೊಂಡೇ, ಒಂದೊಂದೇ ಗುಳಿಗೆ ಹಿಮ್ಮಡಿ ಊರುತ್ತಾ ಜಾರಿದೆವು. ಒಂದು ಕಡೆ ಭಾವಮೈದನ ಶೂ ತಪ್ಪಿತು. ಅವನ ಅಂಗಿಯ ಕಾಲರ್ ನನ್ನ ಕೈಗೆ ಸಿಕ್ಕಿದ್ದು ಅದೃಷ್ಟ. ಆಮೇಲೆ ಅವನು ಶೂ ಬಿಚ್ಚಿ ಬರಿಗಾಲಲ್ಲೇ ಇಳಿದ, ಅದೇ ವಾಸಿ ಅನ್ನಿಸಿತು.

ಹೋಗುವವರು ಬೆಳಗ್ಗೆ ಆರೂವರೆ, ಏಳಕ್ಕೆಲ್ಲ ಬುಡದಲ್ಲಿರಿ. ಹಿಂದಿನ ರಾತ್ರಿ ಮಳೆಯಾಗಿದ್ದರೆ ಬೇರೆ ದಿನ ನೋಡಿಕೊಳ್ಳಿ. ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು, ಬಂಡೆ ಮೇಲೆ ನೆರಳಿಲ್ಲ. ಇಳಿಯುವವರು ಏನಾದರೂ ಹೇಳಿದರೆ ದಯವಿಟ್ಟು ಕೇಳಿ.

ಬುಡ ಮುಟ್ಟುವಾಗ ಕತ್ತಲಾಗಿತ್ತು. ಭಾವಮೈದನ ಪ್ಯಾಂಟಿನ ಹಿಂಭಾಗ ಪೂರ್ತಿ ಹರಿದಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಾದಾಗಲೂ ಬ್ಯಾಗನ್ನು ಹಿಂದೆ ಅಡ್ಡ ಹಿಡಿದು ನಿಂತೇ ಇದ್ದ. ಕಂಡಕ್ಟರ್ ಮೂರು ಸಲ "ಕೂತ್ಕೊಳ್ಳಪ್ಪಾ" ಅಂದರು.