ಒನ್ ಟನ್ ಗಾಡಿಗೆ ಪಿಸ್ಟನ್ ಬೇಕಾ? ಜೆಸಿ ರೋಡಿನ ಈ ಓಣಿಗೆ ಹೋಗಿ

ಈ ಅಂಗಡಿಗೆ ಹೆಸರಿಲ್ಲ. ಬೋರ್ಡಿದೆ, ಆದರೆ ಬಣ್ಣವೆಲ್ಲ ಉದುರಿ ಬರೀ ತಗಡು ಉಳಿದಿದೆ. ಬೆಂಗಳೂರಿನ ಜೆಸಿ ರೋಡಿನಿಂದ ಕಲಾಸಿಪಾಳ್ಯದ ಕಡೆಗೆ ನುಗ್ಗುವ ಓಣಿಯೊಂದರಲ್ಲಿ, ಬಾಗಿಲ ಪಕ್ಕ ಜೀಪಿನ ಆಕ್ಸಲ್ ನಿಲ್ಲಿಸಿಟ್ಟಿರುವ ಅಂಗಡಿ. ‘ಚಾಚಾ ಅಂಗಡಿ ಎಲ್ಲಿ’ ಅಂತ ಟೀ ಅಂಗಡಿಯಲ್ಲಿ ಕೇಳಿದರೆ ತೋರಿಸುತ್ತಾರೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೇ ಇರಬೇಕು. ಎರಡು ವರ್ಷದಲ್ಲಿ ಹದಿನಾಲ್ಕು ಸಲ ಹೋಗಿದ್ದೇನೆ. ಅದರಲ್ಲಿ ಆರು ಸಲ ಬರಿಗೈಲಿ ವಾಪಸ್ ಬಂದಿದ್ದೇನೆ. ಆದರೂ ಹಳೇ ಮಿಲಿಟರಿ ಗಾಡಿ ಇಟ್ಟುಕೊಂಡವರಿಗೆ ನಾನು ಹೇಳುವುದು ಈ ಅಂಗಡಿಯನ್ನೇ.

ನನ್ನದು 1972ರ ನಿಸ್ಸಾನ್ ಒನ್ ಟನ್, ಒಂದು ಟನ್ ಹೊರುವ ಸೇನೆಯ ಹಳೇ ಲಾರಿ. ಸಕಲೇಶಪುರದ ಹತ್ತಿರ ಒಂದು ಟಿಂಬರ್ ಡಿಪೋದ ಹಿಂದೆ ಲಂಟಾನದ ಪೊದೆಯೊಳಗೆ ಮುಳುಗಿತ್ತು. ಸೇನೆಯವರು ಹರಾಜು ಹಾಕಿದ ಮೇಲೆ ಯಾರೋ ತಂದು, ವರ್ಷಗಟ್ಟಲೆ ಕಾಡಿನಿಂದ ದಿಮ್ಮಿ ಎಳೆಸಿ, ಕೊನೆಗೆ ಇಂಜಿನ್ ಜಾಮ್ ಆದಾಗ ಅಲ್ಲೇ ಬಿಟ್ಟಿದ್ದರು. ನಂಬರ್ ಬರೆಯುತ್ತಿದ್ದ ಜಾಗದಲ್ಲಿ ಪೇಂಟ್ ಕೆರೆದಾಗ ಮೇಲ್ಮುಖದ ಬಾಣದ ಗುರುತು ಕಾಣಿಸಿತು. ಮಿಲಿಟರಿ ನಂಬರ್ ಶುರುವಾಗುವುದೇ ಆ ಬಾಣದಿಂದ. ಅದನ್ನು ನೋಡಿದ್ದೇ ತಡ, ನಾನು ಚೌಕಾಸಿ ಮಾಡುವುದನ್ನೇ ಮರೆತೆ. 1,10,000 ರೂಪಾಯಿ ಕೊಟ್ಟೆ. ಆ ವರ್ಷದ ಮೆಣಸಿನ ದುಡ್ಡು ಅದು. ಮನೆಯಲ್ಲಿ ಏನಾಯಿತು ಅನ್ನುವುದು ಇಲ್ಲಿ ಬೇಡ.

ಒನ್ ಟನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಜಬಲ್ಪುರದ ವೆಹಿಕಲ್ ಫ್ಯಾಕ್ಟರಿ ಶುರುವಾಗಿದ್ದು 1969ರಲ್ಲಿ. ನಮ್ಮ ಸೇನೆಯ ಮೂರು ಗಾಡಿ ಅಲ್ಲಿಂದಲೇ ಬರುತ್ತಿದ್ದವು. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸಿನಲ್ಲಿ ಶಕ್ತಿಮಾನ್ ಲಾರಿ, ನಿಸ್ಸಾನ್ ಲೈಸೆನ್ಸಿನಲ್ಲಿ ಜೋಂಗಾ ಜೀಪು ಮತ್ತು ಒನ್ ಟನ್. ಜೋಂಗಾ ಅನ್ನುವುದು ಜಪಾನಿ ಹೆಸರು ಅಂದುಕೊಂಡಿದ್ದೆ. ಅಲ್ಲ, ಜಬಲ್ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ ಅನ್ನುವುದರ ಮೊದಲಕ್ಷರಗಳು. ಜೋಂಗಾ 1999ರವರೆಗೂ ಬರುತ್ತಿತ್ತು. ಈಗ ಅದಕ್ಕೆ ಶೋಕಿಯವರು ಜಾಸ್ತಿ, ಹಾಗಾಗಿ ಸ್ಪೇರ್ ಒಂದಿಷ್ಟು ಓಡಾಡುತ್ತದೆ. ಎರಡಕ್ಕೂ ಒಂದೇ ಜಾತಿಯ ಇಂಜಿನ್, 3956 ಸಿಸಿಯ ಆರು ಸಿಲಿಂಡರಿನ ಪೆಟ್ರೋಲ್. ಜೋಂಗಾದವರು ತಿಂದು ಬಿಟ್ಟಿದ್ದರಲ್ಲಿ ನಾವು ಒನ್ ಟನ್‌ನವರು ಬದುಕಬೇಕು.

ಊರಲ್ಲಿ ಸಿಕ್ಕಿದವರೆಲ್ಲ ಒಂದೇ ಮಾತು ಹೇಳಿದರು. ‘ಆ ಇಂಜಿನ್ ಬಿಸಾಕಿ, ಡೀಸೆಲ್ ಕೂರಿಸಿ.’ ತಪ್ಪು ಮಾತೇನಲ್ಲ. ನನ್ನ ಗಾಡಿ ಈಗ ಲೀಟರಿಗೆ ಮೂರು ಕಿಲೋಮೀಟರ್ ಕೊಡುತ್ತದೆ, ಇಳಿಜಾರಿದ್ದರೆ ಮೂರೂವರೆ. ಆದರೆ ಡೀಸೆಲ್ ಹಾಕಿದರೆ ಅದು ಇನ್ನೊಂದು ಲಾರಿ ಅಷ್ಟೇ ಅಲ್ವಾ? ನನ್ನ ಜೊತೆ ಕೆಲಸಕ್ಕೆ ನಿಂತವರು ನಮ್ಮೂರ ಹವಾಲ್ದಾರಣ್ಣ. ಸೇನೆಯ ಗಾಡಿ ರಿಪೇರಿ ದಳವಾದ ಇಎಂಇಯಲ್ಲಿ ಇಪ್ಪತ್ತೆರಡು ವರ್ಷ ಇಂಥ ಗಾಡಿಗಳ ಕೆಳಗೇ ಮಲಗಿ ಬಂದವರು. ಅವರು ಒಂದೇ ಷರತ್ತು ಹಾಕಿದ್ದರು: ‘ಪೆಟ್ರೋಲ್ ಇಂಜಿನ್ನೇ ಇಡ್ತೀಯಾದ್ರೆ ನಾನು ಬರ್ತೀನಿ.’

ಹಾಸನದ ಲೇತ್‌ನಲ್ಲಿ ಬ್ಲಾಕ್ ಅಳೆಸಿದಾಗ ಸೇನೆಯಲ್ಲಿದ್ದಾಗಲೇ ಒಮ್ಮೆ ಬೋರ್ ಆಗಿದೆ, ಅಂದರೆ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿದ್ದಾರೆ ಅಂತ ಗೊತ್ತಾಯಿತು. 20 ಥೌ ದೊಡ್ಡದಿತ್ತು (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಇನ್ನು 30 ಥೌ ಪಿಸ್ಟನ್ ಹಾಕಬೇಕು. ನಾನು ದೆಹಲಿ ಕಡೆಯ ಒಬ್ಬ ವ್ಯಾಪಾರಿಗೆ ಫೋನಿನಲ್ಲೇ 21,000 ಕಳಿಸಿ ಆರು ಪಿಸ್ಟನ್ ತರಿಸಿದೆ. ಫೋಟೋದಲ್ಲಿ ಥಳಥಳ ಅನ್ನುತ್ತಿದ್ದವು. ಬಂದಾಗಲೂ ಥಳಥಳ ಅನ್ನುತ್ತಿದ್ದವು. ಆ ಖುಷಿಯಲ್ಲಿ, ರಿಂಗ್ ತಗೊಳ್ಳೋಣ ಅಂತ ಪಿಸ್ಟನ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಚಾಚಾ ಹತ್ತಿರ ಹೋದೆ.

ಅದು ನನ್ನ ಎರಡನೇ ಭೇಟಿ. ಮೊದಲ ಸಲ ಹೋದಾಗ ಅವರು ನನ್ನನ್ನು ಕೂರಿಸಲೂ ಇಲ್ಲ. ‘ಹಳೇದು ತಂದಿದ್ದೀರಾ?’ ಅಂದರು. ಇಲ್ಲ ಅಂದೆ. ‘ಹಾಗಾದ್ರೆ ತಗೊಂಡು ಬನ್ನಿ.’ ಅಷ್ಟೇ ಮಾತು. 220 ಕಿಲೋಮೀಟರ್ ದೂರದಿಂದ ಬಂದಿದ್ದೀನಿ ಅಂತ ಹೇಳಿ ನೋಡಿದೆ. ‘ಸಕಲೇಶಪುರಾನಾ? ಮಳೆ ಹೇಗೆ?’ ಅಂತ ಕೇಳಿದರು, ಸ್ಪೇರ್ ಮಾತ್ರ ತೋರಿಸಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಇಡೀ ದಾರಿ ಬೈದುಕೊಂಡಿದ್ದೆ.

ಈ ಸಲ ಅವರು ಆರೂ ಪಿಸ್ಟನ್‌ಗಳನ್ನು ಹಳೇ ಪೇಪರಿನ ಮೇಲೆ ಸಾಲಾಗಿ ನಿಲ್ಲಿಸಿದರು. ಕನ್ನಡಕ ಹಣೆಗೆ ಏರಿಸಿ ಒಂದೊಂದರ ತಲೆ ನೋಡುತ್ತಾ ಬಂದರು. ಪಿಸ್ಟನ್ ತಲೆಯ ಮೇಲೆ ಅದರ ಅಳತೆ ಕೊರೆದಿರುತ್ತದೆ. ಐದರ ಮೇಲೆ 30 ಅಂತ ಇತ್ತು. ನಾಲ್ಕನೆಯದರ ಮೇಲೆ ನಂಬರ್ ಇರಬೇಕಾದ ಕಡೆ ಅರದಿಂದ ಉಜ್ಜಿದ ಗೆರೆಗಳು. ನಾನು ಹತ್ತು ಸಲ ಕೈಯಲ್ಲಿ ಹಿಡಿದು ನೋಡಿದ್ದ ಪಿಸ್ಟನ್ ಅದು. ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಚಾಚಾ ಏನೂ ಹೇಳಲಿಲ್ಲ. ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ಮೈಕ್ರೋಮೀಟರ್ ತೆಗೆದರು. ತಲೆಯ ಹತ್ತಿರ ಅಳೆಯಲಿಲ್ಲ, ಅಲ್ಲಿ ಪಿಸ್ಟನ್ ಸ್ವಲ್ಪ ಸಣ್ಣಗೇ ಇರುತ್ತದೆ. ಕೆಳಗಿನ ಸ್ಕರ್ಟಿನಲ್ಲಿ, ಪಿನ್ ಹೋಗುವ ತೂತಿಗೆ ಅಡ್ಡಲಾಗಿ ಹಿಡಿದರು. ಐದೂ ಒಂದೇ ಅಳತೆ. ನಾಲ್ಕನೆಯದು ಕಾಲು ಮಿಲಿಮೀಟರ್ ದಪ್ಪ. ಅಂದರೆ 40 ಥೌ.

‘ಇದನ್ನ ಹಾಕಿದ್ರೆ?’ ಅಂದೆ.

‘ಹಾಕೋಕೇ ಆಗಲ್ಲ ಸಾರ್. ಒಳಗೇ ಹೋಗಲ್ಲ. ಅದಕ್ಕೆ ಒಂದು ಬೋರನ್ನ ಮಾತ್ರ ದೊಡ್ಡದು ಮಾಡ್ಸಿ ಅಂತ ಯಾರಾದ್ರೂ ಹೇಳ್ತಾರೆ. ಹೇಳಿದವರ ಹತ್ರ ಮತ್ತೆ ಹೋಗಬೇಡಿ.’

ಅವರ ಹತ್ತಿರ 40 ಥೌ ಪಿಸ್ಟನ್ ನಾಲ್ಕು ಇದ್ದವು. ನನ್ನದೂ ಸೇರಿಸಿದರೆ ಐದಾಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆರನೆಯದನ್ನೂ ತರಿಸಿ, ಆರೂ ಬೋರನ್ನು 40ಕ್ಕೆ ಮಾಡಿಸಿ ಅಂತ ಹೇಳಿ ಐದು ಪಿಸ್ಟನ್ ಮಾರುತ್ತಿದ್ದರು. ಇವರು ಮಾರಲಿಲ್ಲ. ಈಗಲೇ 40ಕ್ಕೆ ಹೋದರೆ ಮುಂದಿನ ಸಲ ಬ್ಲಾಕಿಗೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸದೆ ದಾರಿಯಿಲ್ಲ, ಸುಮ್ನೆ ಯಾಕೆ ಅಂದರು. ಏಣಿ ಹಾಕಿ ಅಟ್ಟದ ಮೇಲಿಂದ ಒಂಟಿ ಪಿಸ್ಟನ್ ಒಂದನ್ನು ಇಳಿಸಿದರು. 30 ಥೌ. ಪಕ್ಕದ ತಾಮ್ರದ ಗುಜರಿಯವರ ಎಲೆಕ್ಟ್ರಾನಿಕ್ ತಕ್ಕಡಿಗೆ ಇಟ್ಟು ನೋಡಿದರೆ ಉಳಿದವುಗಳಿಗಿಂತ 11 ಗ್ರಾಂ ಜಾಸ್ತಿ. ಅದನ್ನು ಓಣಿಯ ತುದಿಯ ಲೇತಿಗೆ ಕಳಿಸಿ, ಒಳಭಾಗದಲ್ಲಿ ಚೂರುಚೂರೇ ತೆಗೆಸಿ, ಮತ್ತೆ ತಕ್ಕಡಿ, ಮತ್ತೆ ಲೇತ್, ಹೀಗೆ ಮೂರು ಸಲ. ಮಧ್ಯಾಹ್ನದ ಊಟದ ಹೊತ್ತಿಗೆ ತೂಕ ಸರಿಬಂತು. ಪಿಸ್ಟನ್ನಿಗೆ 2,800, ಲೇತಿಗೆ 300. ದೆಹಲಿಯವರಿಗೆ ಫೋನ್ ಮಾಡಿದೆ. ‘ಚೆಕ್ ಮಾಡಿ ಹೇಳ್ತೀನಿ’ ಅಂದವರು ಇವತ್ತಿಗೂ ಚೆಕ್ ಮಾಡುತ್ತಲೇ ಇದ್ದಾರೆ.

ಆ ದಿನ ಚಾಚಾ ಹೇಳಿದ ಒಂದು ವಿಷಯ ನನಗೆ ಬಹಳ ಹಿಡಿಸಿತು. ಈ ಇಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 85.7, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 114.3 ಮಿಲಿಮೀಟರ್. ಎಂಥ ವಿಚಿತ್ರ ಲೆಕ್ಕ ಅನಿಸುತ್ತದೆ. ಇಂಚಿಗೆ ತಿರುಗಿಸಿ ನೋಡಿ: ಸ್ಟ್ರೋಕ್ ಸರಿಯಾಗಿ ನಾಲ್ಕೂವರೆ ಇಂಚು. ಜಪಾನಿನವರು 1936ರಲ್ಲಿ ಅಮೆರಿಕದ ಗ್ರಹಾಂ-ಪೇಜ್ ಕಂಪನಿಯಿಂದ ಇಂಜಿನ್ ತಯಾರಿಸುವ ಯಂತ್ರಗಳನ್ನೇ ಕೊಂಡು ಹಡಗಿಗೆ ಹಾಕಿಕೊಂಡು ಹೋದರು. ಆ ಮನೆತನದ ಅಳತೆ ಹಾಗೇ ಉಳಿಯಿತು. ಅಮೆರಿಕದ ಅಳತೆ, ಜಪಾನಿನ ಹೆಸರು, ಜಬಲ್ಪುರದ ಕಬ್ಬಿಣ, ಈಗ ಸಕಲೇಶಪುರದ ಕೆಸರು.

ಬೇರೆ ಜಾಗಗಳನ್ನು ನೋಡಿಲ್ಲ ಅಂತಲ್ಲ. ಶಿವಾಜಿನಗರದ ಗುಜರಿಯಲ್ಲಿ ಬಾಡಿಯ ಸಾಮಾನು ಚೆನ್ನಾಗಿ ಸಿಗುತ್ತದೆ. ಬಾಗಿಲ ಕೊಂಡಿ, ಕನ್ನಡಿ, ಜೆರಿ ಕ್ಯಾನ್ ಅಲ್ಲೇ ತಂದೆ. ಚೆನ್ನೈನ ಪುದುಪೇಟೆಗೂ ಒಮ್ಮೆ ಹೋದೆ, ಕಾರಿನವರಿಗೆ ಸ್ವರ್ಗ, ನನಗೆ ಒಂದು ಸ್ಟಾರ್ಟರ್ ಮೋಟರ್ ಬಿಟ್ಟು ಏನೂ ಸಿಗಲಿಲ್ಲ. ದೆಹಲಿಯ ಮಾಯಾಪುರಿಯಲ್ಲಿ ರಾಶಿ ದೊಡ್ಡದು, ಆದರೆ ಭಾಷೆ ಬರಬೇಕು, ಜೊತೆಗೆ ಗೊತ್ತಿರುವವರು ಇರಬೇಕು.

ಶಿವಾಜಿನಗರದಲ್ಲಿ ನಾನು ಸಿಕ್ಕಿಬಿದ್ದಿದ್ದು ರಬ್ಬರ್ ವಿಷಯದಲ್ಲಿ. ಬ್ರೇಕಿನ ವೀಲ್ ಸಿಲಿಂಡರಿಗೆ ಹಾಕುವ ರಬ್ಬರ್ ಕಪ್, ಸೀಲ್ ಒಡೆಯದ ಮಿಲಿಟರಿ ಪ್ಯಾಕೆಟ್. ಮೇಣದ ಕಾಗದ, ಒಳಗೆ ಪುಟ್ಟ ಚೀಟಿ. ನಿಧಿ ಸಿಕ್ಕ ಹಾಗೆ ಆಗಿತ್ತು. ಎಂಟು ಸಿಲಿಂಡರಿಗೆ ಆಗುವಷ್ಟು ತಗೊಂಡು ಚಾಚಾಗೆ ತೋರಿಸಲು ಹೋದೆ. ಅವರು ಒಂದನ್ನು ಹೆಬ್ಬೆರಳಿಗೆ ತೊಡಿಸಿ ಹಿಗ್ಗಿಸಿದರು. ಅಂಚಿನ ಸುತ್ತ ಬೇಸಿಗೆಯಲ್ಲಿ ಹಿಮ್ಮಡಿ ಒಡೆದ ಹಾಗೆ ಸಣ್ಣ ಸಣ್ಣ ಬಿರುಕು. ‘ಕಬ್ಬಿಣ ನಲವತ್ತು ವರ್ಷದ್ದಿದ್ರೂ ತಗೊಳ್ಳಿ. ರಬ್ಬರ್ ಮಾತ್ರ ಈ ವರ್ಷದ್ದು ತಗೊಳ್ಳಿ. ಘಾಟಿ ಇಳಿಯೋರು ನೀವು’ ಅಂದರು. ಪ್ಯಾಕೆಟ್ ಸೀಲ್ ಆಗಿದ್ದರೇನು, ಒಳಗಿನ ರಬ್ಬರಿಗೆ ವಯಸ್ಸಾಗುವುದು ನಿಲ್ಲುತ್ತದೆಯೇ?

ಗಾಡಿಯ ಹೆಸರು ಹೇಳದೆ ಅಳತೆ ಹೇಳುವುದನ್ನು ನಾನು ಕಲಿತಿದ್ದು ಚಾಚಾ ಅಂಗಡಿಯಲ್ಲೇ. ವೀಲ್ ಸಿಲಿಂಡರ್‌ಗಳ ಒಳಗೆ ತುಕ್ಕಿನ ಗುಳಿ ಬಿದ್ದಿದ್ದವು. ಅವಕ್ಕೆ ಸ್ಲೀವ್ ಹಾಕಿಸಿ, ಸುಲಭವಾಗಿ ಸಿಗುವ ಹೊಸ ಕಪ್ಪಿನ ಅಳತೆಗೆ ತಂದೆವು. ಆಯಿಲ್ ಸೀಲಿಗೆ ಮೂರೇ ಅಳತೆ ಸಾಕು: ಒಳಗಿನ ಅಗಲ, ಹೊರಗಿನ ಅಗಲ, ದಪ್ಪ. ಬೇರಿಂಗಿನ ಪಕ್ಕದಲ್ಲಿ ನಂಬರ್ ಇದ್ದೇ ಇರುತ್ತದೆ, ಸೀಮೆಎಣ್ಣೆ ಹಾಕಿ ಒರೆಸಿದರೆ ಕಾಣುತ್ತದೆ. ‘ಒನ್ ಟನ್ ಬೇರಿಂಗ್ ಇದೆಯಾ’ ಅಂತ ಕೇಳಿದಾಗ ಜೆಸಿ ರೋಡಿನ ಐದು ಅಂಗಡಿಯವರು ತಲೆ ಅಲ್ಲಾಡಿಸಿದ್ದರು. ಅದೇ ರಸ್ತೆಯಲ್ಲಿ ನಂಬರ್ ಬರೆದ ಚೀಟಿ ಕೊಟ್ಟಾಗ ಹತ್ತು ನಿಮಿಷದಲ್ಲಿ ಹೊಸ ಡಬ್ಬಿ ಕೈಗೆ ಬಂತು.

ಇನ್ನು ಅಂಗಡಿಯ ದೋಷಗಳು. ಬಿಲ್ ಕೊಡುವುದಿಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ವಾಪಸ್ ತಗೊಳ್ಳುವುದಿಲ್ಲ. ಫೋನಿನಲ್ಲಿ ಕೇಳಿದರೆ ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ, ‘ಬನ್ನಿ ನೋಡೋಣ’ ಅಷ್ಟೇ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿದರೆ ಮೂರು ಗಂಟೆಯವರೆಗೆ ತೆಗೆಯಲ್ಲ. ಬೆಲೆ ಗುಜರಿಗಿಂತ ಜಾಸ್ತಿ, ಚೌಕಾಸಿ ಮಾಡಿದರೆ ಸಾಮಾನನ್ನು ಮತ್ತೆ ಅಟ್ಟಕ್ಕೇ ಏರಿಸುತ್ತಾರೆ. ನನಗೆ ಕೊಟ್ಟ ಫ್ಯೂಯಲ್ ಪಂಪಿನ ಡಯಾಫ್ರಮ್ ಒಂದು ತಿಂಗಳಲ್ಲೇ ಹರಿಯಿತು. ಅದನ್ನು ಹೇಳಿದಾಗ ‘ಈಗಿನ ಪೆಟ್ರೋಲು ಹಾಗೆ’ ಅಂದರು. ಒಪ್ಪಲಿಲ್ಲ ನಾನು. ಎರಡನೆಯದಕ್ಕೂ ಪೂರ್ತಿ ದುಡ್ಡು ತಗೊಂಡರು.

ಕಳೆದ ಡಿಸೆಂಬರಿನಲ್ಲಿ ಇಂಜಿನ್ ಶುರುವಾಯಿತು. ಹವಾಲ್ದಾರಣ್ಣ ಡೆಲ್ಕೋ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಕೂರಿಸಿ, ಪಾಯಿಂಟಿನ ಗ್ಯಾಪ್ ನೋಡಿ, ನನಗೆ ಸೆಲ್ಫ್ ಹೊಡೆಯಲು ಹೇಳಿದರು. ನಾಲ್ಕನೇ ಸಲಕ್ಕೆ ಹತ್ತಿಕೊಂಡಿತು. ಅಂಗಳದಲ್ಲಿ ಒಣಗಲು ಹಾಕಿದ್ದ ಕಾಫಿಯ ಮೇಲೆಲ್ಲ ಹೊಗೆ. ನಾನು ಫೋನನ್ನು ಇಂಜಿನ್ ಹತ್ತಿರ ಹಿಡಿದು ಚಾಚಾಗೆ ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ಇದ್ದು, ‘ಒಂದು ಟ್ಯಾಪೆಟ್ ಲೂಸಿದೆ’ ಅಂದರು. ಇತ್ತು.

ಬಣ್ಣದ ವಿಷಯ ಹೇಳಲೇಬೇಕು, ಯಾಕೆಂದರೆ ನಾನೂ ಇದೇ ತಪ್ಪು ಮಾಡಲಿದ್ದೆ. ಮಿಲಿಟರಿ ಗಾಡಿ ಅಂತ ಆಲಿವ್ ಗ್ರೀನ್ ಹೊಡೆಸಲು ಐದು ಲೀಟರ್ ಪೇಂಟ್ ತಂದಿಟ್ಟಿದ್ದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆ ಬಣ್ಣ ಹೊಡೆಯುವಂತಿಲ್ಲ. ಹವಾಲ್ದಾರಣ್ಣನಿಗೆ ಇದು ಗೊತ್ತಿತ್ತು, ಪೇಂಟ್ ತರುವವರೆಗೂ ಬಾಯಿಬಿಡಲಿಲ್ಲ. ಈಗ ಗಾಡಿ ಬೂದಿ ಬಣ್ಣದಲ್ಲಿದೆ. ಆ ಐದು ಲೀಟರ್ ದನದ ಕೊಟ್ಟಿಗೆಯ ಬಾಗಿಲಿಗೆ ಹೋಯಿತು.

ಇನ್ನೂ ಸಿಗದಿರುವುದು ಬಲಗಡೆ ಹೆಡ್‌ಲೈಟಿನ ರಿಂಗ್. ಚಾಚಾ ಅಂಗಡಿಯಲ್ಲೇ ಒಂದಿದೆ, ಅದಕ್ಕೆ ಕನ್ನಡಿ ಕೂರಿಸಿ ಗೋಡೆಗೆ ನೇತು ಹಾಕಿದ್ದಾರೆ. ಮೂರು ಸಲ ಕೇಳಿದೆ. ಗಡ್ಡ ಬಾಚಿಕೊಳ್ಳಲು ಬೇಕು, ಕೊಡಲ್ಲ ಅಂದರು. ಮುಂದಿನ ಸಲ ಹೋಗುವಾಗ ಒಂದು ಒಳ್ಳೆಯ ಕನ್ನಡಿ ತಗೊಂಡು ಹೋಗುತ್ತಿದ್ದೇನೆ.